ಗೋಡೆ ಕೊರೆದು ಎಳೆದ ಕೇಬಲ್

ನಿತೇಶ,

ಕಾಲು ಮುರಿದುಕೊಂಡು ಅಮದಳ್ಳಿಯ ಮನೆಯಲ್ಲಿ ಮಲಗಿರುವ ಅಮ್ಮನಿಗೆ ಈಗ ಗೇಮಿನಲ್ಲಿ ಕಾರು ಓಡಿಸುವ ಹುಚ್ಚು. ಆದರೆ ಗೇಮನ್ನು ಮಾಳಿಗೆಯ ಕಂಪ್ಯೂಟರಿನಿಂದ ಅವಳ ಕೋಣೆಯ ಟಿವಿಗೆ ವೈಫೈಯಲ್ಲಿ ಕಳಿಸಿದರೆ, ಪ್ರತಿ ತಿರುವಿನಲ್ಲೂ ಚಿತ್ರ ನಿಂತುಬಿಡುತ್ತಿತ್ತು. ಇವತ್ತು ರೂಟರ್ ಸರಿಸಿದೆ, ಚಿತ್ರದ ಗುಣಮಟ್ಟ ಇಳಿಸಿದೆ, ಏನೂ ಉಪಯೋಗವಾಗಲಿಲ್ಲ. ಕೊನೆಗೆ, ಮಾಳಿಗೆಯಿಂದ ಅಮ್ಮನ ಕೋಣೆಗೆ ಗೋಡೆ ಕೊರೆದು ನೀನು ಎಳೆದಿಟ್ಟಿದ್ದ ಕೇಬಲ್ ಕಪಾಟಿನ ಹಿಂದೆ ಸಿಕ್ಕಿತು.

ವೈಫೈ ಸಾಕಿತ್ತು, ಗೋಡೆ ಹಾಳು ಮಾಡಿದೆ ಎಂದು ಅಂದು ಗೆಳೆಯನೆನ್ನದೆ ನಿನ್ನ ಮೇಲೆ ಎಷ್ಟು ಕೂಗಾಡಿದ್ದೆ! ತೂತಿಗೆ ಸಿಮೆಂಟು ಮೆತ್ತಿ, ಚಹಾವನ್ನೂ ಕುಡಿಯದೆ ಹೊರಟ ನೀನು ಮತ್ತೆ ಬರಲಿಲ್ಲ.

ಕೇಬಲಿನ ಎರಡೂ ತುದಿ ಸಿಕ್ಕಿಸಿದ್ದೇ ತಡ, ಕಾರು ಸರಾಗವಾಗಿ ಓಡಿತು. ಮೂರು ವಾರಗಳ ಮೇಲೆ ಅಮ್ಮ ನಕ್ಕಳು. ನಿನ್ನಿಂದ, ಮಾರಾಯ.

"ನಿತೇಶ ಈಗ ಎಲ್ಲಿದ್ದ? ಒಂದ್ಸಲ ಊಟಕ್ಕೆ ಬಾ ಹೇಳೆ," ಅಂದಳು.

"ಹೇಳ್ತೆ," ಅಂದೆ. ನಿನ್ನ ಈಗಿನ ನಂಬರ್ ನನಗೆ ಗೊತ್ತಿಲ್ಲವೆಂದು ಹೇಳಲಿಲ್ಲ.

ನಾಗಶ್ರೀ