ನಿನ್ನ ಡಬ್ಬಿ ಉಂಡವಳು ನಾನು

ಅಣ್ಣಾ,

ದೀಪಾವಳಿಯಿಂದ ನೀನು ಹಾಸಿಗೆ ಹಿಡಿಯುವವರೆಗೆ, ನಾಲ್ಕು ತಿಂಗಳು, ನಿನ್ನ ಡಬ್ಬಿಯನ್ನು ಉಂಡವಳು ನಾನು. ಇದು ನಿನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ನಾನು ಸುಮ್ಮನಿದ್ದದ್ದು, ಅವ್ವನಿಗೆ ಹೇಳಬೇಡವೆಂದು ನೀನು ಬೇಡಿಕೊಂಡಿದ್ದಕ್ಕಲ್ಲ. ಕಾಲೇಜಿಗೆ ಹೋದ ಡಬ್ಬಿ ಇವತ್ತೂ ತುಂಬಿಯೇ ತಿರುಗಿ ಬರಲಿ ಎಂದು ದಿನಾ ನಾಲ್ಕು ಗಂಟೆಗೆ ಚಾಳಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ.

ನಿನ್ನ ಮ್ಯಾಟ್ರಿಕ್ ವರ್ಷ ನೆನಪಿದೆಯಾ? ಅವ್ವನಿಗೆ ನಡುನೋವು ಶುರುವಾಗಿತ್ತು. ಬೆಳಿಗ್ಗೆ ಅಪ್ಪನ ಆಫೀಸಿಗೂ ನಿನ್ನ ಶಾಲೆಗೂ ಅಡಿಗೆಯಾಗಬೇಕು. “ಹುಡುಗನ ಓದು ನಿಲ್ಲಬಾರದು, ಕಮಲೀ ಕೈಗೆ ಬಂದಾಳಲ್ಲ” ಎಂದು ಅಪ್ಪ ಹೇಳಿದರು. ನಾನು ಆರನೆಯ ಇಯತ್ತೆಯಲ್ಲಿದ್ದೆ. ಇನ್ನೊಂದೇ ವರ್ಷ, ಏಳನೆಯದರ ಮುಲ್ಕಿ ಪರೀಕ್ಷೆ ಮುಗಿಯುತ್ತಿತ್ತು. ಲೆಕ್ಕದಲ್ಲಿ ನಾನು ನಿನಗಿಂತ ಚುರುಕು ಎಂದು ನೀನೇ ಹೇಳುತ್ತಿದ್ದೆ. ಅವತ್ತು ಅಪ್ಪನ ಮುಂದೆ ಯಾಕೆ ಹೇಳಲಿಲ್ಲ? ಚಪಾತಿ ನಿನ್ನಷ್ಟು ದುಂಡಗೆ ಲಟ್ಟಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಒಲೆಯ ಮುಂದೆ ಕೂತವಳು ನಾನು, ಲೋಕಲ್ ಗಾಡಿ ಹಿಡಿದು ಮಾಟುಂಗದ ಕಾಲೇಜಿಗೆ ಹೋದವನು ನೀನು.

ತುಪ್ಪದ ಡಬ್ಬವನ್ನು ಅವ್ವ ಮೇಲಿನ ಹಲಗೆಯಲ್ಲಿ ಇಡುತ್ತಿದ್ದಳು. “ಓದೋ ಹುಡುಗನ ತಲಿಗೆ ಬೇಕವಾ” ಎಂದು ನಿನ್ನ ಚಪಾತಿಗೆ ಮಾತ್ರ ಸವರುತ್ತಿದ್ದಳು. ಅಪ್ಪನೂ ನೀನೂ ಉಂಡ ಮೇಲೆ ನಮ್ಮದು. ಉಳಿದ ಪಲ್ಯ, ಮೇಲೆ ಎಣ್ಣೆ. ಮೊದಲ ದಿನ ನಿನ್ನ ಡಬ್ಬಿ ಹಾಗೇ ತಿರುಗಿ ಬಂದಾಗ ಮುಚ್ಚಳ ತೆಗೆದೆ. ಅವ್ವ ಒಳಗೆ ಮಲಗಿದ್ದಳು. ಮೋರಿಯ ಹತ್ತಿರ ನಿಂತೇ ತಿಂದೆ. ತಣ್ಣಗಾದ ತುಪ್ಪ ಅಂಗುಳಿಗೆ ಅಂಟಿತು. ಆಮೇಲೆ ಬೂದಿ ಹಾಕಿ ತಿಕ್ಕಿ, ಡಬ್ಬಿಯನ್ನು ಅವ್ವನಿಗೆ ಕಾಣುವಂತೆ ಬೋರಲು ಹಾಕಿದೆ. ಅದು ಎಷ್ಟು ರುಚಿಯಾಗಿತ್ತೆಂದರೆ… ಬಿಡು.

ಒಂದು ರವಿವಾರ ಮಧ್ಯಾಹ್ನ ಮೆಟ್ಟಿಲ ಕೆಳಗೆ ನೀನು ಮೊಣಕಾಲಲ್ಲಿ ಮುಖವಿಟ್ಟು ಕೂತಿದ್ದೆ. ಯಾಕೆ ಉಣ್ಣುವುದಿಲ್ಲ ಎಂದು ಕೇಳಿದೆ.

“ಉಣ್ಣೋ ಖೋಲ್ಯಾಗ ಎಲ್ಲಾರೂ ಕೂಡತಾರ. ನಾ ಹೋದ್ರ ಬಾಯಲ್ಯಾ ಬಂದಾ ಅಂತ ಶಿಳ್ಳಿ ಹಾಕತಾರ.”

ಬಾಯಲ್ಯಾ ಎಂದರೆ ಮರಾಠಿಯಲ್ಲಿ ಹೆಣ್ಣಿಗ. ಪ್ರಯೋಗಶಾಲೆಯಲ್ಲಿ ಕಪ್ಪೆ ಕೊಯ್ಯುವಾಗ ನೀನು ಅತ್ತುಬಿಟ್ಟೆಯಂತೆ. ಅವತ್ತಿನಿಂದ ಅದೇ ನಿನ್ನ ಹೆಸರು.

“ನಿದ್ದಿ ಬರೂದಿಲ್ಲ ಕಮಲೀ. ಹಾಜರಿ ಕರದ್ರ ಗಂಟಲದಾಗ ಧ್ವನಿ ನಿಂದರತದ. ಪುಸ್ತಕಾ ತಗದ್ರ ಅಕ್ಷರಾ ಇರುವಿಯಂಗ ಹರದಾಡತಾವ.”

“ಕಪ್ಪಿ ಕೊಯ್ಯಾಕ ಅಳತೀಯೇನು? ನನ್ನ ಕೈಯಾಗ ಕೊಡು, ಕೊಯ್ದು ತೋರಸ್ತೀನಿ.”

ನೀನು ಅಳುತ್ತಲೇ ನಕ್ಕೆ. “ಹೌದು, ನೀನ ಹೋಗಬೇಕಿತ್ತ” ಎಂದೆ. ಅದು ನನ್ನನ್ನು ಸುಟ್ಟಿತು. ಬೇಡವಾದದ್ದನ್ನು ಎಷ್ಟು ಸುಲಭವಾಗಿ ಕೊಟ್ಟುಬಿಡುತ್ತೀರಿ ನೀವು ಗಂಡಸರು, ಅದೂ ಬರೀ ಬಾಯಿಮಾತಿನಲ್ಲಿ! ಆಮೇಲೆ ನೀನು ಮೆಲ್ಲಗೆ ಕೇಳಿದೆ: “ಡಾಕ್ಟರ ಆಗೂದು ನನಗ ಬ್ಯಾಡಂತ ಅಪ್ಪಗ ಹೇಳಲೇನ?”

“ಹೇಳು. ಗಂಡಸಾಗಿ ಅಷ್ಟೂ ಆಗೂದಿಲ್ಲೇನು ನಿನಗ?”

ಆ ಹುಡುಗರು ಮರಾಠಿಯಲ್ಲಿ ಹೇಳಿದ್ದನ್ನೇ ನಾನು ಕನ್ನಡದಲ್ಲಿ ಹೇಳಿದೆ, ಅಲ್ಲವೇ? ನೀನು ಕಣ್ಣೊರೆಸಿಕೊಂಡು ಎದ್ದು ಹೋದೆ. ಮತ್ತೆ ಯಾರ ಮುಂದೆಯೂ…

ಕಾಲೇಜಿಗೆ ಡಬ್ಬಿ ಒಯ್ದು ತರುವ ಮಾಮಾ ಒಬ್ಬನಿಗೇ ತಿಳಿದಿತ್ತು. ದಿನಾ ಅಷ್ಟು ಡಬ್ಬಿ ಹೊರುವ ಅವನ ಕೈಗೆ ತೂಕ ಗೊತ್ತು. “ಪೋರಿ, ಡಬ್ಬಾ ಜಡ ಆಹೇ. ಭಾವು ಜೇವತ್ ನಾಹೀ ಕಾ?” ಎಂದು ಕೇಳಿದ. ಡಬ್ಬಿ ಭಾರವಿದೆ, ಅಣ್ಣ ಉಣ್ಣುವುದಿಲ್ಲವೇ ಎಂದು. ಹೊರಗೆ ಉಣ್ಣುತ್ತಾನೆ ಎಂದು ಸುಳ್ಳು ಹೇಳಿದೆ. ಯಾಕೆಂದು ನನಗೆ ಗೊತ್ತು. ನಿಜ ಹೇಳಿದರೆ ಮನೆಯೆಲ್ಲ ಮತ್ತೆ ನಿನ್ನ ಸುತ್ತಲೇ ತಿರುಗುತ್ತಿತ್ತು. ನೀನು ನಾಪಾಸಾಗಿ ನನ್ನ ಪಕ್ಕದಲ್ಲೇ ಬಂದು ಕೂರಬೇಕು ಎಂದಿತ್ತು ನನಗೆ. ನಾಪಾಸಾಗಬೇಕು ಎಂದುಕೊಂಡಿದ್ದೆ, ಅಣ್ಣಾ. ಅಷ್ಟೇ. ದೇವರಾಣೆ ಅಷ್ಟೇ.

ವಿಷಮಜ್ವರ ಬಂದ ಎಂಟನೆಯ ದಿನಕ್ಕೆ ನೀನು ಹೋದೆ. “ಮೈಯಲ್ಲಿ ಕಸುವೇ ಇರಲಿಲ್ಲ” ಎಂದರು ಡಾಕ್ಟರು. ಅವ್ವ ಒಪ್ಪಲಿಲ್ಲ. ಯಾರದೋ ದೃಷ್ಟಿ ತಾಗಿತು ಎಂದಳು. ನಿನ್ನ ಫೋಟೋಕ್ಕೆ ದಿನಾ ಹೂವು. ನನ್ನ ಫೋಟೋ ಒಂದೂ ಇಲ್ಲ ಈ ಮನೆಯಲ್ಲಿ.

ಮೊನ್ನೆ ನೀನು ಹೋಗಿ ವರ್ಷ ತುಂಬಿತು. ಅವ್ವ ಫೋಟೋದ ಮುಂದೆ ಎಡೆ ಇಟ್ಟಳು. ಬದನೆಕಾಯಿ ಎಣ್ಣೆಗಾಯಿ, ಎರಡು ಚಪಾತಿ, ಮೇಲೆ ತುಪ್ಪ. ಸತ್ತ ಮೇಲೂ ತುಪ್ಪ ನಿನಗೇ! ಪಕ್ಕದ ಖೋಲಿಯ ಕಾಕುಗೆ ಅವ್ವ ಹೇಳುತ್ತಿದ್ದಳು: “ನನ್ನ ಕೂಸು ಹಸಕೊಂಡ ಹೋಗಲಿಲ್ಲವ್ವಾ. ದಿನಾ ಡಬ್ಬಿ ಖಾಲಿ ಬರ್ತಿತ್ತು.” ಅವಳಿಗೆ ಉಳಿದಿರುವುದು ಅದೊಂದೇ ಸಮಾಧಾನ. ಅದನ್ನು ಕಿತ್ತುಕೊಳ್ಳಬಾರದು ಎಂದು ವರ್ಷವೆಲ್ಲ ಹಲ್ಲು ಕಚ್ಚಿ ಹಿಡಿದಿದ್ದೆ. ಕಾಕು ಎದ್ದು ಹೋದ ಮೇಲೆ ತಡೆಯಲಾಗಲಿಲ್ಲ.

“ಅವ್ವಾ, ಆ ಡಬ್ಬಿ ಉಂಡಾಕಿ ನಾನು.”

“ಎಷ್ಟ ದಿನಾ?”

“ದೀಪಾವಳಿಯಿಂದ.”

“ಎಲ್ಲಾ?”

“ತುಪ್ಪಾ ಬಳದ ನೆಕ್ಕೀನಿ.”

ಕೆನ್ನೆಗೆ ಹೊಡೆದಳು. ಹೊಡೆದು ಅಲ್ಲೇ ನೆಲಕ್ಕೆ ಕುಸಿದಳು. ನನ್ನ ಮುಖ ನೋಡದೆ ಕೇಳಿದಳು: “ನಿನಗ ಅಷ್ಟ ಹಸಿವಿತ್ತೇನ?”

ಹದಿನೇಳು ವರ್ಷಕ್ಕೆ ಮೊದಲ ಸಲ ಯಾರೋ ನನ್ನನ್ನು ಕೇಳಿದ್ದರು. ಹೂಂ ಎಂದೆ.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಕಪ್ಪೆಯದು, ಶಿಳ್ಳೆಯದು ಎಲ್ಲವನ್ನೂ ಅವರಿಗೆ ಹೇಳಿದೆ.

“ನನಗೊಂದ ಮಾತ ಹೇಳಬಾರದಿತ್ತೇನ ಅವಾ?”

“ಯಾವಾಗ ಹೇಳಬೇಕಿತ್ತರಿ?” ಎಂದಳು ಅವ್ವ. “ಅವನ ಕಣ್ಣಾಗ ನೀರ ಬಂದ್ರ ಕೈಯಾಗ ಬಳಿ ಇಟಗೋ ಅಂತಿದ್ರಿ.”

ಅಪ್ಪ ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. ಅಪ್ಪ ಅಳುವುದನ್ನು ಮೊದಲ ಸಲ ನೋಡಿದೆ. ಅದನ್ನು ನೋಡಿಯೂ ನನ್ನ ಹೊಟ್ಟೆ ಉರಿಯಿತು. ನನ್ನನ್ನು ಶಾಲೆ ಬಿಡಿಸಿದ ದಿನ ಯಾರ ಭುಜವೂ ಅಲುಗಿರಲಿಲ್ಲ.

ಆಮೇಲೆ ಅವ್ವ ನನಗೇನು ಬೇಕೆಂದು ಕೇಳಿದಳು. ಮುಲ್ಕಿ ಕಟ್ಟಬೇಕು ಎಂದೆ. ಧಾರವಾಡದ ಅತ್ತೆಯ ಮನೆಯಲ್ಲಿದ್ದು ಓದಿ, ಹೊರಗಿನಿಂದ ಪರೀಕ್ಷೆಗೆ ಕೂರಬಹುದು. ಧಾರವಾಡ ಈಗ ಮುಂಬಯಿ ರಾಜ್ಯದಲ್ಲಿಲ್ಲ, ಮೈಸೂರಿಗೆ ಸೇರಿತು. ಈ ಸುದ್ದಿ ನಿನಗೆ ತಿಳಿದಿರಲಿಕ್ಕಿಲ್ಲ. ಅಡಿಗೆ ಯಾರು ಮಾಡುವವರೆಂದು ಅಪ್ಪ ಕೇಳಿದರು. “ನಾ ಮಾಡತೀನಿ. ನಡಾ ನೋಯ್ದ್ರ ನೀವು ಲಟ್ಟಸರಿ” ಎಂದಳು ಅವ್ವ.

“ನಾಪಾಸಾದ್ರ?” ಎಂದರು ಅಪ್ಪ ನನಗೆ.

“ಆದ್ರ ಕೂತು ಅಳತೀನಿ. ನನಗ್ಯಾರೂ ಬ್ಯಾಡ ಅನ್ನೂದಿಲ್ಲ.”

ಹಾಗೆಂದ ಮೇಲೆ ನೀನು ನೆನಪಾದೆ. ಮೆಟ್ಟಿಲ ಕೆಳಗೆ ಅಡಗಿ ಕೂತ ಆ ದಿನ, ಬೇಕಾದಲ್ಲಿ ಬೇಕಾದಷ್ಟು ಅಳುವ ನನ್ನನ್ನು ಕಂಡು ನಿನಗೂ ಹೊಟ್ಟೆಕಿಚ್ಚಾಗಿತ್ತಾ? ಆಗಿದ್ದರೆ ಹೇಳಬಾರದಿತ್ತೇ? ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ನೀನಿಲ್ಲದೆ ಹೋಗಿದ್ದರಿಂದ ಸಿಕ್ಕಿದ್ದು ಈ ಓದು ಎಂಬುದೂ ನನಗೆ ಗೊತ್ತಿದೆ. ಆದರೂ ಬಿಡುವುದಿಲ್ಲ.

ಕಪ್ಪೆಯ ಚಿತ್ರವಿರುವ ನಿನ್ನ ಪುಸ್ತಕವನ್ನು ಟ್ರಂಕಿಗೆ ಹಾಕಿಕೊಂಡಿದ್ದೇನೆ. ಬುತ್ತಿಗೆ ಅವ್ವ ನಿನ್ನ ಡಬ್ಬಿಯನ್ನೇ ತೊಳೆದಿಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಅಪ್ಪ ದಾದರಿಗೆ ಬಂದು, ಧಾರವಾಡಕ್ಕೆ ಹೋಗಲು ಪುಣೆಯ ಗಾಡಿ ಹತ್ತಿಸುತ್ತಾರೆ. ನಾಳೆ ಹೋಗುತ್ತೇನೆ.