ಪೊರೆ ಇಲ್ಲದ ಕಣ್ಣಿಗೆ ನಿಮ್ಮ ಶಿಬಿರದಲ್ಲಿ ಜಾಗವಿಲ್ಲ

ಕಣ್ಣಿನ ಶಿಬಿರಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಪೊರೆ ಇಲ್ಲದ ಕಣ್ಣಿಗೆ ರೋಗವೇ ಇರುವುದಿಲ್ಲ ಎಂಬ ನಿಮ್ಮ ಶಿಬಿರದ ತೀರ್ಮಾನದಿಂದಾಗಿ ನಮ್ಮೂರಿನ ಗೌಂಡಿ ಮಾನ್ವೆಲ್ ಬಲಗಣ್ಣಿನ ನಡುದೃಷ್ಟಿ ಕಳೆದುಕೊಂಡಿದ್ದಾರೆ. ಈ ಸಾಧನೆಗೆ ನಿಮ್ಮನ್ನು ಅಭಿನಂದಿಸಲು ಬೇರೆ ಯಾರೂ ಮುಂದೆ ಬಾರದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮಾನ್ವೆಲ್‌ಗೆ ಅರವತ್ತಾರು. ನಮ್ಮ ಸಾಂಬ್ರಾಣಿ ಊರಿನ ಅರ್ಧ ಮನೆಗಳ ಗೋಡೆ ಅವರ ಕೈಯವು. ಕಳೆದ ವರ್ಷ ನನ್ನ ಅಡುಗೆಮನೆ ಕಟ್ಟುವಾಗ, ಎದೆಮಟ್ಟ ಎದ್ದಿದ್ದ ಗೋಡೆಯನ್ನು ಒಂದು ಮುಂಜಾನೆ ತಾವೇ ಕೆಡವಿದರು. “ಗ್ವಾಡಿ ನಡುವ ಡೊಂಕ ಆಗೇತ್ರಿ ಅಕ್ಕಾರ” ಎಂದರು. ಗೋಡೆ ನೆಟ್ಟಗೇ ಇತ್ತು. ಕುಡಿದು ಬಂದಿದ್ದಾರೆಂದು ನಾನು ಎಲ್ಲರೆದುರು ಬೈದೆ. ಅವರು ನೇರ ನೋಡುವ ಗುಂಡು ಕಟ್ಟಿದ ದಾರ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರು, ಮತ್ತೊಂದು ಮುಚ್ಚಿ ನೋಡಿದರು. “ಬಲಗಣ್ಣಿಗೆ ದಾರಾನೂ ಡೊಂಕ ಕಾಣಸ್ತೈತ್ರಿ” ಎಂದರು.

ಮರುವಾರವೇ ನಿಮ್ಮ ಶಿಬಿರ; ನಾನೇ ಅವರನ್ನು ಕರೆತಂದೆ. ಹಾರ, ಶಾಲು, ಮೂರು ಭಾಷಣ ಸಾಂಗವಾಗಿ ನಡೆದವು. ಕಣ್ಣು ನೋಡಿದ್ದು ಅರ್ಧ ನಿಮಿಷ. ನಿಮ್ಮ ಸಿಬ್ಬಂದಿ ಟಾರ್ಚ್ ಬೆಳಕು ಬಿಟ್ಟು, “ಪೊರಿ ಇಲ್ಲ. ವಯಸ್ಸಾತು, ಅಷ್ಟ. ಮುಂದಿನವ್ರು ಬರ್ರಿ” ಎಂದರು. ಗೋಡೆ, ದಾರ ಡೊಂಕಾಗಿ ಕಂಡ ವಿಷಯವನ್ನು ನಾನು ತೆಗೆದೆ. “ಟೀಚರ್ರ, ಇದು ಪೊರಿ ಕ್ಯಾಂಪ್ ಐತ್ರಿ, ಗ್ವಾಡಿ ಕ್ಯಾಂಪ್ ಅಲ್ಲ” ಎಂದು ನಕ್ಕರು. ನಿಮ್ಮ ಗುರಿಪಟ್ಟಿಯಲ್ಲಿ ಪೊರೆಗೆ ಮಾತ್ರ ಕಾಲಂ ಇದೆಯೆಂದು ಉಳಿದ ಕಾಯಿಲೆಗಳು ನಾಚಿ ಹಿಂದೆ ಸರಿಯುತ್ತವೆಯೇ? ಆ ಘನ ಮಾತನ್ನು ನಂಬಿ ನಾವು ಮೂರು ತಿಂಗಳು ಕುಳಿತೆವು.

ಹೆಂಡತಿ ಮಾರ್ಗರೀಟಾ ಎದುರಿಗೆ ನಿಂತರೂ ಬಲಗಣ್ಣಿಗೆ ಮುಖ ಕಾಣದೆ ಸೆರಗಷ್ಟೇ ಕಂಡ ದಿನ ಹುಬ್ಬಳ್ಳಿಗೆ ಓಡಿದೆವು. ಹನಿ ಹಾಕಿ ಕಣ್ಣಿನೊಳಗಿನ ಪರದೆ ಪರೀಕ್ಷಿಸಿದ ವೈದ್ಯೆ, ವಯಸ್ಸಿನೊಂದಿಗೆ ಆ ಪರದೆಯ ನಡುಭಾಗ ಸವೆಯುವ ಕಾಯಿಲೆ ಇದು, ಬಲಗಣ್ಣಲ್ಲಿ ರಕ್ತ ಸೋರಿ ಕಲೆಗಟ್ಟಿದೆ ಎಂದರು. “ಡೊಂಕ ಕಂಡ ವಾರದಾಗ ಬಂದಿದ್ರ, ಇಂಜೆಕ್ಷನ್ ಕೊಟ್ಟು ಇನ್ನಷ್ಟು ಉಳಿಸಬಹುದಿತ್ರಿ.” ಎಡಗಣ್ಣಲ್ಲೂ ಅದು ಶುರುವಾಗಿತ್ತು. ಬೀಡಿ ಬಿಟ್ಟು, ಬಿ.ಪಿ. ಹತೋಟಿಯಲ್ಲಿಟ್ಟು, ಸೊಪ್ಪು-ಮೀನು ತಿಂದರೆ ಅಪಾಯ ತಗ್ಗೀತು. ದಿನಾ ಒಂದೊಂದೇ ಕಣ್ಣು ಮುಚ್ಚಿ ಚೌಕುಳಿ ಗೆರೆಯ ಹಾಳೆ ನೋಡಬೇಕು. ಗೆರೆ ಬಾಗಿ ಕಂಡರೆ ತಡಮಾಡದೆ ಬರಬೇಕು ಎಂದರು ವೈದ್ಯೆ. ನಲವತ್ತು ವರ್ಷದ ಬೀಡಿಯನ್ನು ಮಾನ್ವೆಲ್ ಆಸ್ಪತ್ರೆಯ ಬಾಗಿಲಲ್ಲೇ ಎಸೆದರು. ಇಷ್ಟು ಹೇಳಲು ನಿಮಗೆ ಯಾವ ಮಹಾಯಂತ್ರದ ಕೊರತೆಯಿತ್ತು, ಸ್ವಾಮಿ? ಒಂದು ಹಾಳೆ ಮತ್ತು ಒಂದು ನಾಲಿಗೆ ಸಾಕಿತ್ತಲ್ಲ?

ಐವತ್ತು ದಾಟಿದ ಪ್ರತಿಯೊಬ್ಬರಿಗೂ ಶಿಬಿರದಲ್ಲಿ ಆ ಹಾಳೆ ತೋರಿಸಿ, ಗೆರೆ ಬಾಗಿ ಕಂಡವರನ್ನು ಅದೇ ವಾರ ತಜ್ಞರ ಬಳಿ ಕಳಿಸಿ. ಭಾಷಣ ಎರಡಕ್ಕೆ ಇಳಿದರೆ ಯಾರ ಕಣ್ಣೂ ಹೋಗುವುದಿಲ್ಲ. ನಿಮ್ಮಿಂದ ಆಗದಿದ್ದರೂ ಚಿಂತೆಯಿಲ್ಲ. ಮುಂದಿನ ಶಿಬಿರದ ಗೇಟಿನಲ್ಲಿ ಹಾಳೆ ಹಿಡಿದು ತಾವೇ ನಿಲ್ಲುವುದಾಗಿ ಮಾನ್ವೆಲ್ ಹೇಳಿದ್ದಾರೆ. “ಕ್ಯಾಂಪಿನವ್ರಿಗೂ ಒಂದ ಸಲ ತೋರಸ್ತೇನ್ರಿ, ಅವ್ರ ಕಣ್ಣೂ ಕಣ್ಣ ಅಲ್ಲೇನ್ರಿ?” ಎಂದರು. ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನನಗಿದೆ.

ಇಂತಿ,
ಒಳ್ಳೆಯ ಕೆಲಸಗಾರನನ್ನು ಕುಡುಕನೆಂದು ಬೈದು, ನಿಮ್ಮವರನ್ನು ತಜ್ಞರೆಂದು ನಂಬಿದ
ರಾಜಶ್ರೀ, ಶಾಲಾ ಶಿಕ್ಷಕಿ, ಸಾಂಬ್ರಾಣಿ