ನೆಗೆಣ್ಣಿಯ ಹೊಟ್ಟೆಯ ಫೋಟೋ

ಅಕ್ಕಿಆಲೂರು
೧೪ ಫೆಬ್ರುವರಿ ೧೯೬೨

ಹಿರೇಕೆರೂರಿನ ಅಕ್ಕ ಮಹಾದೇವಕ್ಕನಿಗೆ ತಂಗಿ ಸರೋಜವ್ವ ಮಾಡುವ ನಮಸ್ಕಾರಗಳು.

ಕ್ಷೇಮ ಸಮಾಚಾರದ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಯಾಕೆಂದು ಓದುತ್ತ ಹೋದರೆ ನಿನಗೇ ತಿಳಿಯುತ್ತದೆ.

ನಿನಗೆ ಬರೆಯಬೇಕೆಂದಿರುವ ಈ ಕಥೆಯನ್ನು ಮೊದಲು ಹೇಳಿದವಳು ನಾನಲ್ಲ, ನನ್ನ ನೆಗೆಣ್ಣಿ ಶಾರವ್ವ. ನಿನ್ನೆ ಮಧ್ಯಾಹ್ನ, ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಹೇಳಿದಳು. ಓಣಿಯ ಹೆಂಗಸರು ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಬಂದವರು ಅಕ್ಕಿ ಮರೆತು ಕೇಳಿದರು. ಆಕೆ ಹೇಳಿದ್ದು ಆಕೆಯ ಹೊಟ್ಟೆಯ ಕಥೆ. ಅದರ ಮಗ್ಗುಲಲ್ಲೇ ನನ್ನ ಹೊಟ್ಟೆಯ ಕಥೆಯೂ ಕೂತಿತ್ತು. ಅದು ಯಾರಿಗೂ ಕಾಣಲಿಲ್ಲ.

ಶಾರವ್ವ ನಿನಗೆ ಗೊತ್ತು. ಭಾವ ಕುಬೇರಪ್ಪನವರ ಹೆಂಡತಿ, ಈ ಮನೆಯ ಹಿರಿಸೊಸೆ. ಸವಣೂರಿನಲ್ಲಿ ಆಕೆಯ ತವರಿಗೆ ಎಲೆಬಳ್ಳಿಯ ತೋಟ, ಕಾರು, ಕರೆದರೆ ಓಡಿ ಬರುವ ಅಣ್ಣ. ನಾನು ದಿನಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತೇನೆ. ನಮ್ಮ ಗಿರಣಿಯಿಂದ ಬಂದ ಗಂಡಸರು ಮಾತಿಲ್ಲದೆ ಉಣ್ಣುತ್ತಾರೆ. ಆಕೆ ಕೊನೆಗೆ ಬಂದು ಮೇಲೊಂದಿಷ್ಟು ಬೆಣ್ಣೆ ಇಟ್ಟರೆ, ‘ವೈನಿ ಕೈ ಅಂದ್ರ ಕೈ’ ಅನ್ನುತ್ತಾರೆ. ಹಾಗೆ ಅನ್ನುವವರು ನಮ್ಮ ಮನೆಯವರೇ. ಆಕೆ ನಡೆದರೆ ಬಳೆ ಸದ್ದಾಗುತ್ತದೆ, ನಾನು ನಡೆದರೆ ಪಾತ್ರೆ ಸದ್ದಾಗುತ್ತದೆ. ನಿನ್ನ ಮುಂದೆ ಮುಚ್ಚುವುದೇನು, ಆಕೆ ತಲೆ ಬಾಚಿಕೊಳ್ಳುವುದನ್ನು ನೋಡಿದರೂ ನನಗೆ ಸಂಕಟವಾಗುತ್ತದೆ.

ದೀಪಾವಳಿ ಕಳೆದ ಮೇಲೆ ಇಬ್ಬರಿಗೂ ಹೊಟ್ಟೆಯ ತೊಂದರೆ ಶುರುವಾಯಿತು. ಆಕೆಗೆ ಹುಳಿತೇಗು, ಹೊಟ್ಟೆಯುಬ್ಬರ. ನನಗೆ ಎದೆಯ ಕೆಳಗೆ ಉರಿ, ಹಸಿದಾಗ ಹೆಚ್ಚು. ಆಕೆ ಹೇಳಿಬಿಟ್ಟಳು. ಇನ್ನು ನಾನು ಹೇಳಿದರೆ ಆಕೆಯನ್ನು ನೋಡಿ ಕಲಿತಳು ಅನ್ನುತ್ತಾರೆಂದು ನಾನು ಬಾಯಿ ಮುಚ್ಚಿಕೊಂಡೆ.

ಅತ್ತೆ ಆಕೆಯನ್ನು ಹಾನಗಲ್ಲಿಗೆ ಕಳಿಸಿದರು, ಜೊತೆಗೆ ಚೀಲ ಹಿಡಿಯಲು ನನ್ನನ್ನು. ಡಾಕ್ಟರು ಆಕೆಯ ಹೊಟ್ಟೆ ಒತ್ತಿ ನೋಡಿ ಎರಡು ದಾರಿ ಹೇಳಿದರು. ಖಾರ, ಹುಣಸೆಹುಳಿ, ಚಹಾ ಬಿಟ್ಟು ಒಂದು ತಿಂಗಳು ಗಂಜಿ, ಹೆಸರಬೇಳೆ, ಹಾಲಿನ ಮೇಲೆ ಇದ್ದು ನೋಡುವುದು. ಇಲ್ಲವೆಂದರೆ ಹುಬ್ಬಳ್ಳಿಗೆ ಹೋಗಿ ಎಂಥದೋ ಬಿಳಿ ಔಷಧಿ ಕುಡಿದು ಹೊಟ್ಟೆಯ ಎಕ್ಸರೇ ತೆಗೆಸುವುದು. ಅದು ಬಹಳ ತುಟ್ಟಿ, ಮೊದಲು ಊಟ ಬದಲಿಸಿ ನೋಡ್ರಿ ಎಂದರು. ಆಕೆ ಹೊರಗೆ ಹೋದ ಮೇಲೆ ನಾನು ಮೆಲ್ಲಗೆ ನನ್ನದನ್ನೂ ಹೇಳಿದೆ. ಅವರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನೀವೂ ಅದೇ ಪಥ್ಯ ಮಾಡ್ರಿ, ಆದರೆ ತಲೆ ತಿರುಗಿದರೆ, ಹೊರಕಡೆಗೆ ಕಪ್ಪಗೆ ಹೋದರೆ, ಗಂಜಿ ಕುಡಿಯುತ್ತ ಕೂಡಬ್ಯಾಡ್ರಿ, ತಡಮಾಡದೆ ಹುಬ್ಬಳ್ಳಿಗೆ ಹೋಗ್ರಿ ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಶಾರವ್ವ ಅಂದಳು: ‘ಖಾರಿಲ್ಲದ ಉಣ್ಣಾಕ ನಾ ಏನ್ ಬಾಣಂತಿ ಏನ? ಫೋಟೋನ ತಗಸ್ತೇನಿ. ನಮ್ಮಣ್ಣಗ ಹೇಳಿ ಕಳಸ್ತೇನಿ.’ ಹೇಳಿ ಕಳಿಸಲು ನನಗೆ ಯಾರಿದ್ದಾರೆ? ನಾನು ಪಥ್ಯ ಹಿಡಿದೆ.

ಅಕ್ಕಾ, ಖರ್ಚಿಲ್ಲದ ದಾರಿ ಅಂತ ಹಿಡಿದ ಪಥ್ಯ ನನಗೆ ಎಷ್ಟು ತುಟ್ಟಿಯಾಯಿತು ಕೇಳು. ಕೂಡಿದ ಮನೆಯಲ್ಲಿ ಒಬ್ಬಳು ಸೊಸೆ ಖಾರ ಬಿಟ್ಟು ಗಂಜಿ ಕುಡಿಯತೊಡಗಿದರೆ ನೋಡಿದವರು ಏನು ತಿಳಿಯುತ್ತಾರೆ? ಅಕ್ಕಿ ಹಸನು ಮಾಡಲು ಬರುವ ಕರೆವ್ವ ಮೊದಲು ಕಂಡುಹಿಡಿದಳು. ‘ಮಾವಿನಕಾಯಿ ಎಲ್ಲಿ ಸಿಗ್ತಾವು ನೋಡ್ಲೇನವ್ವಾ’ ಅಂದಳು. ಅತ್ತೆಯ ಮುಖ ಅರಳಿತು. ತಾವೇ ಹಾಲು ಕಾಸಿ ಕೈಗೆ ಕೊಡತೊಡಗಿದರು. ಅಲ್ಲ ಎಂಬ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಆ ಹಾಲಿನ ಲೋಟವನ್ನು ಶಾರವ್ವ ನೋಡಿದ ನೋಟ ಇತ್ತಲ್ಲ, ಅದರಲ್ಲೇ ನನ್ನ ಅರ್ಧ ಬೇನೆ ಕಡಿಮೆಯಾಯಿತು. ಉಳಿದರ್ಧಕ್ಕೆ ಗಂಜಿ ಗುಣ ಕೊಡುತ್ತಿತ್ತು.

ಆಮೇಲೆ ತಿಂಗಳ ದಿನಗಳು ಬಂದವು. ಮುಚ್ಚಿಡಲು ಬರುವ ಸಂಗತಿಯಲ್ಲ. ಅತ್ತೆ ಬೈಯಲಿಲ್ಲ. ‘ಗಿರಣಿ ಮನ್ಯಾಗ ಎರಡೆರಡು ಅಡಗಿ ಆಗೂದಿಲ್ಲ ತಂಗಿ, ಎಲ್ಲಾರು ಉಂಡದ್ದ ಉಣ್ಣು’ ಎಂದು ಗಂಜಿಯ ಪಾತ್ರೆಯನ್ನು ಅಟ್ಟಕ್ಕೆ ಏರಿಸಿದರು. ನಾನು ಮತ್ತೆ ಕೆಂಪುಖಾರ ಹಚ್ಚಿಕೊಂಡು ರೊಟ್ಟಿ ತಿಂದೆ. ಉರಿ ಮರಳಿ ಬಂತು. ಈಗ ಎರಡು ದಿನದಿಂದ ಹೊರಕಡೆಗೆ ಹೋದರೆ ಕಾಡಿಗೆಯಂತೆ ಕಪ್ಪು. ಎದ್ದು ನಿಂತರೆ ಗೋಡೆ ತಿರುಗುತ್ತದೆ. ಡಾಕ್ಟರು ಹೇಳಿದ ಮಾತು ನನಗೆ ನೆನಪಿತ್ತು. ಹೇಳಲು ಒಂದು ಹೊತ್ತು ಬರಲೆಂದು ಕಾದೆ.

ಅಷ್ಟರಲ್ಲಿ ನಿನ್ನೆ ಶಾರವ್ವ ಹುಬ್ಬಳ್ಳಿಯಿಂದ ಬಂದಳು. ಅಣ್ಣನ ಕಾರು, ಹಸಿರು ಇಳಕಲ್ ಸೀರೆ, ಕೈಯಲ್ಲಿ ದೊಡ್ಡ ಲಕೋಟೆ. ದಿಬ್ಬಣ ಬಂದಂತೆ ಬಂದಳು.

ಕಥೆ ಹೇಳುವುದರಲ್ಲಿಯೂ ಆಕೆಯನ್ನು ಮೀರಿಸಲಾರೆ. ಕತ್ತಲೆ ಕೋಣೆಯಂತೆ, ಸುಣ್ಣ ಕಲಸಿದಂಥ ಬಿಳಿ ನೀರಂತೆ. ‘ಉಸುರು ಹಿಡೀರಿ ಅಂದ್ರು, ಹಿಡದೆ. ಬಿಡ್ರಿ ಅಂದ್ರು, ಬಿಟ್ಟೆ. ನಮ್ಮತ್ತಿಯವರ ಮಾತೂ ನಾ ಹಿಂಗ ಕೇಳಿಲ್ಲ ಬಿಡ್ರಿ’ ಅಂದಳು. ಅತ್ತೆಯೇ ನಕ್ಕರು. ಆಮೇಲೆ ಫೋಟೋ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಕರೆವ್ವ ಮೂಗಿನ ಮೇಲೆ ಬೆರಳಿಟ್ಟು, ‘ಅಯ್ಯ ನಮ್ಮವ್ವ, ಚಪ್ಪರದಾಗ ಸೋರೀಕಾಯಿ ಜೋತಬಿದ್ದಂಗ ಐತಲ್ಲ’ ಅಂದಳು. ನಾನೂ ಬಗ್ಗಿ ನೋಡಿದೆ. ಬೆಳ್ಳಗೆ, ಒಂದು ಕಲೆಯಿಲ್ಲದೆ, ನುಣ್ಣಗೆ ಬಾಗಿದ ಹೊಟ್ಟೆ. ಆಕೆಗೆ ಒಳಗಿನದೂ ಇಷ್ಟು ಚೆಂದವಿರಬೇಕೇ ಎನಿಸಿತು.

ಕಡೆಗೆ ಅತ್ತೆ, ಡಾಕ್ಟರು ಏನೆಂದರು ಎಂದು ಕೇಳಿದರು. ಹೊಟ್ಟೆಯಲ್ಲಿ ಏನೂ ಇಲ್ಲವಂತೆ, ಖಾರ ಕಡಿಮೆ ಮಾಡಿ ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ‘ಹಾನಗಲ್ಲದಾಗ ಪುಕ್ಕಟ ಹೇಳಿದ್ದನ್ನ ಕೇಳಾಕ ಹುಬ್ಬಳ್ಳಿತನ ಹೋಗಿ ಬಂದಂಗಾತು’ ಎಂದು ಕರೆವ್ವ ಹಲ್ಲು ಬಿಟ್ಟಳು. ಅತ್ತೆ ಸೆರಗು ಕೊಡವಿ, ‘ಇನ್ನ ಈ ಮನ್ಯಾಗ ಯಾರೂ ಫೋಟೋದ ಹೆಸರು ತಗೀಬ್ಯಾಡ್ರಿ’ ಅಂದರು.

ಬಾಗಿಲು ಮುಚ್ಚಿತು ಎಂದು ನನಗೆ ಗಾಬರಿಯಾಯಿತು. ಯೋಚಿಸದೆ ಅಂದುಬಿಟ್ಟೆ: ‘ಅತ್ತಿ, ನನಗೂ ಹೊಟ್ಟಿ ಉರೀತೈತ್ರಿ.’

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ‘ಉರೀಲಾರದ ಏನ್ ಮಾಡ್ತೈತವ್ವಾ! ಕಾರು, ಹುಬ್ಬಳ್ಳಿ, ಹಸರ ಸೀರಿ’ ಎಂದು ಕರೆವ್ವ ಕಣ್ಣೀರು ಒರೆಸಿಕೊಂಡು ನಕ್ಕಳು. ಪಕ್ಕದ ಮನೆಯ ಮುಮ್ತಾಜಬೇಗಂ, ‘ಬಾಯಿ ಬಿಟ್ಟು ಹೇಳಿದವರನ್ನ ಇವತ್ತ ನೋಡಿದೆ’ ಅಂದಳು. ಅತ್ತೆ, ‘ಮಜ್ಜಿಗಿ ಕುಡಿ, ಆರತೈತಿ’ ಅಂದರು. ನಾನೂ ನಕ್ಕೆ. ಮತ್ತೇನು ಮಾಡಲಿ? ಅವರು ಅಂದದ್ದು ಸುಳ್ಳೂ ಅಲ್ಲವಲ್ಲ. ಆಕೆಯನ್ನು ನೋಡಿ ಉರಿಯುವುದು ಯಾವುದು, ಕೆಂಪುಖಾರಕ್ಕೆ ಉರಿಯುವುದು ಯಾವುದು ಎಂದು ನನಗೇ ಬಿಡಿಸಿ ಹೇಳಲು ಬಾರದು.

ಇವತ್ತು ಬೆಳಗಾಯಿತು. ಕೇಳಿದವರೆಲ್ಲ ಏನು ಮಾಡಿದರು ಬರೆಯುತ್ತೇನೆ. ಕರೆವ್ವ ಬಾವಿಕಟ್ಟೆಗೆ ಹೋಗಿ ನನ್ನ ಮಾತನ್ನು ಹಂಚಿಬಂದಳು. ಮುಮ್ತಾಜಬೇಗಂ ಗೋಡೆಯಾಚೆಯಿಂದ, ‘ಉರಿ ಆರೇತೇನ್ರಿ?’ ಎಂದು ಕೂಗಿದಳು. ಅತ್ತೆ ನಿಜಕ್ಕೂ ಒಂದು ಚರಿಗೆ ಮಜ್ಜಿಗೆ ತಂದು ಮುಂದಿಟ್ಟರು. ನಾನು ಅದನ್ನು ಎತ್ತಲು ಹೋಗಿ, ಕಣ್ಣಿಗೆ ಕತ್ತಲೆ ಬಂದು ಹಿತ್ತಲ ಬಾಗಿಲಲ್ಲೇ ಕುಸಿದು ಕೂತೆ.

ಹಿಡಿದು ಎತ್ತಿದವಳು ಶಾರವ್ವ. ‘ನಿನ್ನಿ ನಕ್ಕವರಾಗ ನಾ ಇದ್ದಿಲ್ಲ, ನೋಡಿದ್ಯೇನ?’ ಅಂದಳು. ನಾನು ನೋಡಿರಲಿಲ್ಲ. ‘ನೀ ಹೇಳೂ ಮುಂದ ಕೈ ಎದಿ ಕೆಳಗ ಒತ್ತಿ ಹಿಡಿದಿದ್ದಿ. ಮಂದೀನ ನೋಡಿ ಉರಕೊಳ್ಳಾಕಿ ಅಲ್ಲಿ ಯಾಕ ಹಿಡ್ಕೊತಾಳ?’ ನಾನು ಕಪ್ಪಗೆ ಹೋಗುವುದನ್ನು ಹೇಳಿದೆ. ಆಕೆ ಬಳೆ ಸದ್ದು ಮಾಡುತ್ತ ಪಡಸಾಲೆಗೆ ಹೋದಳು. ಅತ್ತೆ, ಫೋಟೋದಲ್ಲಿ ಏನೂ ಕಾಣುವುದಿಲ್ಲ ಎಂದು ಗೊತ್ತಾಯಿತಲ್ಲ ಎಂದರು. ‘ನನ್ನ ಹೊಟ್ಟ್ಯಾಗ ಇಲ್ಲಂದ್ರ ಆಕಿ ಹೊಟ್ಟ್ಯಾಗೂ ಇಲ್ಲೇನ್ರಿ? ಇಬ್ಬರಿಗೂ ಕೂಡಿ ಒಂದ ಹೊಟ್ಟಿ ಐತೇನು?’ ಎಂದು ಆಕೆ ಕೇಳಿದ್ದು ಒಲೆಯ ತನಕ ಕೇಳಿಸಿತು. ನಮ್ಮ ಮನೆಯವರು ಗಿರಣಿಯ ಬಾಗಿಲು ಹಾಕಿ ಬಂದರು. ರಾತ್ರಿ ಇಲ್ಲೇ ಉಳಿದಿದ್ದ ಆಕೆಯ ಅಣ್ಣ ಹುಬ್ಬಳ್ಳಿಗೆ ಹೋಗಲು ಕಾರು ಕೊಟ್ಟಿದ್ದಾನೆ. ಡ್ರೈವರ್ ಖಾದರಸಾಬ ಪೆಟ್ರೋಲ್ ಹಾಕಿಸಲು ಹೋಗಿದ್ದಾನೆ. ಅವನು ಬರುವವರೆಗೆ ಇದನ್ನು ಬರೆದೆ. ಶಾರವ್ವ ಒಳಗೆ ನನ್ನ ಬಟ್ಟೆ ಕಟ್ಟುತ್ತಿದ್ದಾಳೆ. ಆಕೆ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಹಗುರವಿತ್ತು ಅಕ್ಕಾ.

ನಿನ್ನ ತಂಗಿ,
ಸರೋಜವ್ವ

ತಾ.ಕ.: ಫೋಟೋದಲ್ಲಿ ಏನೂ ಇಲ್ಲ ಎಂದು ಬರಲಿ ಅಂತ ನೀನು ಬೇಡಿಕೋ. ನನಗೆ ಹಾಗೆ ಬೇಡಿಕೊಳ್ಳಲು ಆಗುತ್ತಿಲ್ಲ. ಏನೂ ಇಲ್ಲವೆಂದು ಬಂದರೆ ನಿನ್ನೆ ನಕ್ಕವರೆಲ್ಲ ನಕ್ಕದ್ದೇ ಸರಿ ಎಂದಾಗುತ್ತದೆ. ಈಗ ಲಿಂಗಪೂಜೆಗೆ ಕೂತಾಗ, ಶಾರವ್ವನದರಲ್ಲಿ ಕಾಣದ್ದು ಒಂದಿಷ್ಟಾದರೂ ನನ್ನದರಲ್ಲಿ ಕಾಣಲಿ ಎಂದು ಬೇಡಿಕೊಂಡು ಎದ್ದಿದ್ದೇನೆ.